ಟೊಮೇಟೊ ಕ್ರೇಟಿನ ಜಾಗದಲ್ಲಿ ಪ್ಯಾಡಲ್

"ಈವತ್ತು ಏನೂ ವಿಶೇಷ ಆಗಲಿಲ್ಲ" ಅಂದುಕೊಂಡು ನಾನು ಮನೆಗೆ ಹೋದ ದಿನ ಒಂದೂ ಇಲ್ಲ. ನಮ್ಮ ಪ್ಯಾಡಲ್ ಕೋರ್ಟಿನಲ್ಲಿ ಆಟ ಒಂದು ಪಾಲು ನಡೆದರೆ ತಮಾಷೆ ಮೂರು ಪಾಲು ನಡೆಯುತ್ತೆ. ಬೇಡ ಅಂದರೂ ಹುಡುಕಿಕೊಂಡು ಬರುತ್ತೆ.

ನಾನು ಚಿಂತಾಮಣಿ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದವಳು. ನಿವೃತ್ತಿ ಆದ ಮೇಲೂ ಕುತ್ತಿಗೆಯಿಂದ ಸೀಟಿ ಇಳಿದಿಲ್ಲ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಸೊಟ್ಟಗಿದ್ದರೂ ನನ್ನ ಕೈ ಸೀಟಿಗೆ ಹೋಗುತ್ತೆ. ಇಂಥವಳನ್ನ ಮನೇಲಿ ಕೂರಿಸೋದು ಕಷ್ಟ ಅಂತ ನಮ್ಮ ಮನೆಯವರೇ ನನ್ನನ್ನ ಟೊಮೇಟೊ ಮಂಡಿ ಯಜಮಾನರ ಹತ್ತಿರ ಕೆಲಸಕ್ಕೆ ಸೇರಿಸಿದರು.

ಯಜಮಾನರು ಒಂದು ಸಲ ಬೆಂಗಳೂರಿಗೆ ಹೋದಾಗ ಗಾಜಿನ ಗೋಡೆ ಒಳಗೆ ಜನ ಕುಣಿದಾಡ್ತಾ ಚೆಂಡು ಹೊಡೆಯೋದನ್ನ ನೋಡಿದ್ದರು. "ಅಲ್ಲಿ ಬೀದಿಗೊಂದು ಆಗಿದೆ ಮೇಡಂ, ಜಾಗ ಸಿಗಲ್ಲ, ಜನ ಕ್ಯೂ ನಿಂತಿರ್ತಾರೆ. ನಾವೂ ಒಂದು ಮಾಡಣ" ಅಂದರು. ಶಿಡ್ಲಘಟ್ಟ ರಸ್ತೆಯಲ್ಲಿ ಅವರ ಮನೆಯ ಹಿಂದೆ ಟೊಮೇಟೊ ಕ್ರೇಟು ಜೋಡಿಸಿಡ್ತಿದ್ದ ಜಾಗ ಇತ್ತು. ಕ್ರೇಟೆಲ್ಲ ಎತ್ತಿಸಿ ಕೋರ್ಟು ಕಟ್ಟಿಸೇಬಿಟ್ಟರು, ನೋಡ್ಕೊಳ್ಳೋ ಕೆಲಸ ನನಗೆ ಕೊಟ್ಟರು.

ಆಟ ಕಷ್ಟದ್ದೇನಲ್ಲ. ಟೆನಿಸ್ಸಿನ ತಂಗಿ ಅನ್ನಿ. ಸುತ್ತ ಗಾಜು, ಗಾಜಿನ ಮೇಲೆ ತಂತಿ ಜಾಲರಿ, ನಡುವೆ ನೆಟ್ಟು. ಈ ಕಡೆ ಇಬ್ಬರು, ಆ ಕಡೆ ಇಬ್ಬರು. ಬ್ಯಾಟಿನಲ್ಲಿ ದಾರ ಇರಲ್ಲ, ತೂತು ಇರುತ್ತೆ. ಚೆಂಡು ನೆಲಕ್ಕೆ ಒಂದು ಸಲ ಬಿದ್ದು, ಗೋಡೆಗೆ ಬಡಿದು ವಾಪಸ್ ಬಂದರೂ ಆಟ ಮುಗಿಯಲ್ಲ, ಹೊಡೀಬಹುದು. ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಕಲೀತಾರೆ. ನಾನು ಕಲಿಸಿದರೆ ಎಂಟು ನಿಮಿಷ ಸಾಕು.

ಆದರೆ ಶುರುವಿನಲ್ಲಿ ಜನ ಗಾಜಿನ ಹೊರಗೆ ನಿಂತು ನೋಡೋರೇ ಹೊರತು ಒಳಗೆ ಬರೋರಿಲ್ಲ. ಒಂದು ತಿಂಗಳಿಗೇ ಯಜಮಾನರ ಮುಖ ಸಪ್ಪಗಾಯ್ತು. "ಯುಗಾದಿವರೆಗೂ ನೋಡ್ತೀನಿ ಮೇಡಂ. ಆಮೇಲೂ ಹಿಂಗೇ ಇದ್ರೆ ಇದನ್ನ ಕಿತ್ತು ಫ್ಯಾಮಿಲಿ ರೆಸ್ಟೋರೆಂಟ್ ಮಾಡಿಬಿಡ್ತೀನಿ. ಜನ ಆಡದೇ ಇರ್ಬಹುದು, ಉಣ್ಣದೇ ಇರ್ತಾರಾ?"

ನನಗೆ ಮೈಯೆಲ್ಲಾ ಉರಿದುಹೋಯ್ತು. ಇಡೀ ಜಿಲ್ಲೆ ಹುಡುಕಿದರೂ ನನ್ನ ಕಣ್ಣಿಗೆ ಬಿದ್ದಿದ್ದ ಪ್ಯಾಡಲ್ ಕೋರ್ಟು ಇದೊಂದೇ. ಅಲ್ಲಿ ಗೋಬಿ ಮಂಚೂರಿ ಕರೀತಾರಂತೆ! "ಯುಗಾದಿ ತನಕ ತಾನೇ? ನೋಡ್ತಿರಿ ಯಜಮಾನ್ರೇ" ಅಂತ ಸೀಟಿ ಊದಿ ಒಳಗೆ ಹೋದೆ. ಎದುರಿಗೆ ಯಾರೂ ಇರಲಿಲ್ಲ, ಆದರೂ ಊದಿದೆ.

ಹುಳು ಎಲ್ಲಿ?

ಮೊದಲು ಧೈರ್ಯ ಮಾಡಿ ಗೇಟು ದಾಟಿದವರು ಮೇಲೂರಿನ ಒಬ್ಬ ರೈತರು. ಪಂಚೆ, ಶರ್ಟು, ಹೆಗಲ ಮೇಲೆ ಟವೆಲ್ಲು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಆಮೇಲೆ ಸುತ್ತಮುತ್ತ ನೋಡಿ, "ಬ್ಲೀಚಿಂಗ್ ಪೌಡರ್ ನೀರು ಎಲ್ಲಮ್ಮ?" ಅಂದರು.

"ಯಾಕೆ ಅಣ್ಣಾ?"

"ಕೈಕಾಲು ತೊಳೀದೆ ಒಳಗೆ ಹೋದ್ರೆ ರೋಗ ತಗಲಲ್ವಾ?"

ಅಷ್ಟು ಶುಚಿ ನೋಡಿ ನನಗೆ ಖುಷಿಯಾಯ್ತು. ಬಕೆಟಲ್ಲಿ ನೀರು ಕೊಟ್ಟೆ. ಶ್ರದ್ಧೆಯಿಂದ ತೊಳೆದುಕೊಂಡು ಒಳಗೆ ಬಂದರು. ಗಾಜು ಮುಟ್ಟಿ ನೋಡಿದರು, ಜಾಲರಿ ನೋಡಿದರು, ತಲೆ ಅಲ್ಲಾಡಿಸಿದರು.

"ಕಟ್ಟಿಸಿರೋದೇನೋ ಚೆನ್ನಾಗೈತೆ. ಆದ್ರೆ ಇಷ್ಟು ಬೆಳಕು ಬಿದ್ರೆ ತಡೆಯುತ್ತಾ? ಜಾಲರಿ ತೂತು ಬೇರೆ ದೊಡ್ಡದು. ಊಜಿ ನೊಣ ಸಲೀಸಾಗಿ ನುಗ್ಗಿ ಹುಳು ಮೇಲೆ ಮೊಟ್ಟೆ ಇಡುತ್ತೆ ಕಣಮ್ಮ. ಹುಳು ಎಲ್ಲಿ, ಇನ್ನೂ ತಂದಿಲ್ವಾ?"

ಆಗ ನನಗೆ ಅರ್ಥ ಆಯ್ತು. ಅವರು ಇದನ್ನ ಹೊಸ ಮಾದರಿಯ ರೇಷ್ಮೆ ಹುಳು ಸಾಕೋ ಮನೆ ಅಂತ ನೋಡೋಕೆ ಬಂದಿದ್ದರು. ಶಿಡ್ಲಘಟ್ಟ ರಸ್ತೆಯಲ್ಲಿ ಜಾಲರಿ ಹಾಕಿ ಅಷ್ಟುದ್ದಕ್ಕೆ ಏನೇ ಕಟ್ಟಿದರೂ ಅದು ಹುಳುವಿನ ಮನೆಯೇ ಆಗಿರಬೇಕು ಅನ್ನೋದು ಅವರ ಲೆಕ್ಕ. ತಪ್ಪೇನಿಲ್ಲ ಬಿಡಿ.

"ಅಣ್ಣಾ, ಇಲ್ಲಿ ಹುಳ ಸಾಕಲ್ಲ. ಮನುಷ್ಯರು ಬಂದು ಒಂದು ಗಂಟೆ ಮೈ ಬೆವರೋ ಹಂಗೆ ಓಡಾಡಿ ಆಡ್ತಾರೆ."

ಅವರು ಗಾಜಿನ ಒಳಗೆ ಒಂದು ಸುತ್ತು ಹಾಕಿ, ಬಹಳ ಗಂಭೀರವಾಗಿ ಯೋಚನೆ ಮಾಡಿ ಕೇಳಿದರು: "ಹಂಗಾದ್ರೆ ಎಷ್ಟು ದಿನಕ್ಕೆ ಗೂಡು ಕಟ್ತಾರೆ?"

ಕುಂಬಳಕಾಯಿ ಪಾಯಿಂಟು

ಆಯುಧ ಪೂಜೆ ಬಂತು. ಮಂಡಿಯಲ್ಲಿ ತಕ್ಕಡಿಗೆ, ಲಾರಿಗೆ, ಕಂಪ್ಯೂಟರಿಗೆ ಪೂಜೆ ಆದ ಮೇಲೆ ಯಜಮಾನರು ಕೋರ್ಟಿಗೂ ಬಂದರು. ಬ್ಯಾಟುಗಳನ್ನ ಸಾಲಾಗಿ ಜೋಡಿಸಿ ವಿಭೂತಿ, ಕುಂಕುಮ ಹಚ್ಚಿದ್ವಿ. ಒಂದೊಂದು ತೂತಿಗೂ ಒಂದೊಂದು ಸೇವಂತಿಗೆ ಸಿಕ್ಕಿಸಿದ್ದೆ. ನಾನು ಮಾಡಿದ ಅಲಂಕಾರ, ನಾನೇ ಹೊಗಳಿಕೊಳ್ಳಬಾರದು, ಆದರೆ ಬಹಳ ಚೆನ್ನಾಗಿತ್ತು.

ಆಮೇಲೆ ಬೂದುಗುಂಬಳಕಾಯಿ ಒಡೆಯೋದು. "ಗೇಟಿನ ಹತ್ರ ಒಡೀರಿ ಯಜಮಾನ್ರೇ" ಅಂತ ಬೇಡಿಕೊಂಡೆ. ಕೇಳಬೇಕಲ್ಲ! "ದೃಷ್ಟಿ ಆಗಿರೋದು ಒಳಗೆ, ಒಡೆಯೋದು ಹೊರಗಾ?" ಅಂತ ನೀಲಿ ಹಾಸಿನ ಮೇಲೆ, ನೆಟ್ಟಿನಿಂದ ಸ್ವಲ್ಪ ಈಚೆಗೆ ಎತ್ತಿ ಕುಕ್ಕಿಯೇ ಬಿಟ್ಟರು. ಕುಂಬಳದ ನೀರು, ಕುಂಕುಮ ಎಲ್ಲಾ ಸೇರಿ ಪ್ಲಾಸ್ಟಿಕ್ ಹುಲ್ಲಿನೊಳಗೆ ಇಳೀತು. ಉಜ್ಜಿದೆ, ತೊಳೆದೆ, ಹುಣಸೇಹಣ್ಣು ಹಾಕಿ ತಿಕ್ಕಿದೆ. ದುಂಡಗಿನ ಕೆಂಪು ಕಲೆ ಹಂಗೇ ಉಳೀತು.

ಅಷ್ಟೊತ್ತಿಗೆ ಸಂಜೆ ಹೊತ್ತು ಆಡೋಕೆ ಬರ್ತಿದ್ದ ನಾಲ್ಕು ಜನ ಹುಡುಗರು ತಾವೇ ಒಂದು ನಿಯಮ ಮಾಡಿಕೊಂಡರು. ಚೆಂಡು ಕುಂಬಳಕಾಯಿ ಮೇಲೆ ಬಿದ್ದರೆ ಎರಡು ಪಾಯಿಂಟು. ಆಟಕ್ಕೆ ಏನು ಮಜಾ ಬಂತು ಅಂತೀರಿ! ಎಲ್ಲರೂ ಅದಕ್ಕೇ ಗುರಿ ಇಡೋರು.

ನಂದಿ ಬೆಟ್ಟ ನೋಡೋಕೆ ಬಂದಿದ್ದ ಬೆಂಗಳೂರಿನ ತಂಡ ಒಂದು, ಇಲ್ಲೂ ಪ್ಯಾಡಲ್ ಇದೆ ಅಂತ ಯಾರೋ ಹೇಳಿದ್ದಕ್ಕೆ ಹುಡುಕಿಕೊಂಡು ಬಂತು. ಒಳ್ಳೆ ಬೂಟು, ಒಳ್ಳೆ ಬ್ಯಾಟು. ಅವರಲ್ಲಿ ಒಬ್ಬರು ಕೆಂಪು ಕಲೆ ನೋಡಿ, "ಮೇಡಂ, ಈ ಮಾರ್ಕಿಂಗ್ ಏನು? ನಮ್ಮ ಕೋರ್ಟಲ್ಲಿ ಇಲ್ವಲ್ಲ" ಅಂದರು. ನಾನು ಮೂವತ್ತು ವರ್ಷ ಮಕ್ಕಳಿಗೆ ನಿಯಮ ಹೇಳಿದವಳು, ತಡವರಿಸ್ತೀನಾ? "ಅದು ಬೋನಸ್ ಸರ್ಕಲ್ಲು. ಮೇಲೆ ಬಿದ್ರೆ ಎರಡು" ಅಂದೆ. ಅವರು ಒಂದೂವರೆ ಗಂಟೆ ಬಿಡದೆ ಆಡಿದರು.

ವಾರ ಬಿಟ್ಟು ಫೋನು ಬಂತು. "ಮೇಡಂ, ನಮ್ಮಲ್ಲೂ ಆ ಸರ್ಕಲ್ ಹಾಕಿಸಬೇಕು ಅಂತ ಎಲ್ಲರೂ ಹಟ ಹಿಡಿದಿದಾರೆ. ಎಲ್ಲೂ ಆ ಬಣ್ಣ ಸಿಗ್ತಿಲ್ಲ. ಯಾವ ಪೇಂಟು ಬಳಸಿದ್ರಿ?"

"ಪೇಂಟ್ ಅಂಗಡೀಲಿ ಸಿಗಲ್ಲ ಸಾರ್," ಅಂದೆ, "ತರಕಾರಿ ಮಂಡೀಲಿ ಕೇಳಿ."

ಟವೆಲ್ ಕೆಳಗಿನ ಗುಟ್ಟು

ಅದೇ ಬೆಂಗಳೂರಿನ ತಂಡ ಇನ್ನೊಂದು ಭಾನುವಾರ ಬಂದು, "ನಿಮ್ಮೂರಿನ ಒಳ್ಳೆ ಜೋಡಿ ಯಾವುದು, ಕರೀರಿ" ಅಂತು. ನಾನು ನಮ್ಮಲ್ಲಿ ಆಡೋಕೆ ಬರ್ತಿದ್ದ ಒಬ್ಬ ಕುರಿ ದಲ್ಲಾಳಿಯನ್ನೂ, ಚಿಂತಾಮಣಿಯ ಮಟನ್ ಅಂಗಡಿಯವರೊಬ್ಬರನ್ನೂ ಇಳಿಸಿದೆ. ಸಂತೆಯಲ್ಲಿ ಕುರಿ ಹಿಂದೆ ಓಡಿ ಓಡಿ ಪಳಗಿದ ಕಾಲು. ಅವರ ಕೈಗೆ ಸಿಕ್ಕಿ ತಪ್ಪಿಸಿಕೊಂಡ ಚೆಂಡಿಲ್ಲ.

ಪ್ಯಾಡಲ್ ಆಡೋರು ಸರ್ವ್ ಮಾಡೋ ಮುಂಚೆ ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಮಾಡ್ತಾರೆ, ಎಲ್ಲಿಗೆ ಹೊಡೀತೀವಿ ಅಂತ ಜೊತೆಗಾರನಿಗೆ ಮಾತ್ರ ಗೊತ್ತಾಗಲಿ ಅಂತ. ಬೆಂಗಳೂರಿನವರು ಹಂಗೇ ಮಾಡಿದರು. ನಮ್ಮವರು ಏನು ಮಾಡಿದರು ಗೊತ್ತಾ? ಪ್ರತಿ ಸರ್ವಿಗೂ ಮುಂಚೆ ಇಬ್ಬರೂ ಹತ್ತಿರ ಬರೋದು, ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹೊದಿಸೋದು, ಒಳಗೊಳಗೇ ಒಬ್ಬರ ಬೆರಳು ಒಬ್ಬರು ಹಿಡಿಯೋದು. ಸಂತೆಯಲ್ಲಿ ಕುರಿ ವ್ಯಾಪಾರ ಮಾಡೋ ರೀತಿ. ಬೆರಳು ಹಿಡಿದೇ ರೇಟು ಹೇಳ್ತಾರೆ, ಪಕ್ಕದಲ್ಲಿ ನಿಂತವನಿಗೂ ತಿಳಿಯಲ್ಲ. ದಲ್ಲಾಳಿ ತಲೆ ಅಡ್ಡಡ್ಡ ಆಡಿಸೋರು, ಅಂಗಡಿಯವರು ಮತ್ತೆ ಬೆರಳು ಒತ್ತೋರು, ದಲ್ಲಾಳಿ ಮುಖ ಕಿವುಚೋರು. ಕೊನೆಗೆ ಟವೆಲ್ ಹೆಗಲಿಗೆ ಹಾಕಿ ಸರ್ವ್ ಮಾಡೋರು.

ಎದುರಿನವರಿಗೆ ತಲೆ ಕೆಟ್ಟುಹೋಯ್ತು. "ಏನೋ ದೊಡ್ಡ ಪ್ಲ್ಯಾನ್ ಮಾಡ್ತಿದಾರೆ" ಅಂತ ಒಂದು ಸಲ ಹಿಂದೆ ಓಡೋರು, ಒಂದು ಸಲ ಮುಂದೆ ಓಡೋರು. ಹೆದರಿಕೇಲೇ ಅರ್ಧಕ್ಕರ್ಧ ಪಾಯಿಂಟು ಬಿಟ್ಟುಕೊಟ್ಟರು. "ಮೇಡಂ, ಇದು ನಿಯಮಕ್ಕೆ ವಿರೋಧ" ಅಂತ ನನ್ನ ಹತ್ತಿರ ದೂರು ತಂದರು. "ಟವೆಲ್ ಬಳಸಬಾರದು ಅಂತ ಎಲ್ಲಿ ಬರೆದಿದೆ ತೋರ್ಸಿ" ಅಂದೆ. ವಾಪಸ್ ಹೋಗಿ ಆಟ ಮುಂದುವರಿಸಿದರು. ನಮ್ಮವರು ಗೆದ್ದರು.

ನಾನು ಹೆಮ್ಮೆಯಿಂದ ಹೋಗಿ, "ಎಂಥಾ ಉಪಾಯ ಮಾಡಿದ್ರಪ್ಪ! ಟವೆಲ್ ಕೆಳಗೆ ಅದೇನು ಸನ್ನೆ ಹೇಳ್ಕೊಳ್ತಿದ್ರಿ?" ಅಂತ ಕೇಳಿದೆ.

ದಲ್ಲಾಳಿ ಬೆವರು ಒರೆಸಿಕೊಂಡು, "ಆಟದ ವಿಷಯ ಯಾರು ಮಾತಾಡ್ತಿದ್ರು ಮೇಡಂ? ಬೆಳಿಗ್ಗೆಯಿಂದ ಇವನಿಗೊಂದು ಟಗರು ಕೊಡೋಕೆ ನೋಡ್ತಾ ಇದೀನಿ, ಇನ್ನೂ ವ್ಯಾಪಾರ ಕುದುರಿಲ್ಲ" ಅಂದರು.

ಒಂದು ಗಂಟೆ ನಮ್ದು ತಾನೇ?

ಚಿಕ್ಕಬಳ್ಳಾಪುರದಿಂದ ಒಬ್ಬ ಗುಮಾಸ್ತರು ಫೋನ್ ಮಾಡಿ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಅಂತ ಕೋರ್ಟು ಕಾದಿರಿಸಿದರು, ಒಂದು ಗಂಟೆ ಕಾಲ. ನಾಲ್ಕು ಜನ ಬರಬೇಕು ತಾನೇ? ಟೆಂಪೋ ಟ್ರಾವೆಲರ್ ಬಂದು ನಿಂತಿತು. ಅಜ್ಜಿ, ಅತ್ತೆ, ಭಾವ, ನಾದಿನಿ, ಕೈಗೂಸು, ಇಡೀ ವಂಶ ಇಳೀತು. ಹಿಂದಿನಿಂದ ಸ್ಟೀಲ್ ಡಬ್ಬಿಗಳು ಇಳಿದವು.

ಗುಮಾಸ್ತರು ಎರಡು ಸಲ ಚೆಂಡು ಹೊಡೆದರು, ಸೊಂಟ ಹಿಡ್ಕೊಂಡರು. ನಾನು ನೀರು ತರೋಣ ಅಂತ ಆ ಕಡೆ ಹೋಗಿ ಬರೋದರೊಳಗೆ ನೆಟ್ಟಿನ ಪಕ್ಕ ಚಾಪೆ ಹಾಸಿಬಿಟ್ಟಿದಾರೆ! ಪುಳಿಯೋಗರೆ, ಮೊಸರನ್ನ, ಹಪ್ಪಳ. ಅಜ್ಜಿ ಗಾಜಿಗೆ ಬೆನ್ನು ಕೊಟ್ಟು ಕಾಲು ನೀಡಿ ಕೂತಿದಾರೆ.

"ಇಲ್ಲಿ ಊಟ ಮಾಡೋ ಹಂಗಿಲ್ಲಮ್ಮ!"

ಅಜ್ಜಿ ಶಾಂತವಾಗಿ ಹೇಳಿದರು: "ಒಂದು ಗಂಟೆ ನಮ್ದು ತಾನೇ? ಅವನು ಎರಡೇ ನಿಮಿಷ ಆಡಿದ. ಮಿಕ್ಕಿದ್ದು ವೇಸ್ಟ್ ಮಾಡ್ತಾರೇನಮ್ಮ? ಗಾಳಿ ಚೆನ್ನಾಗಿ ಬರುತ್ತೆ, ನಾಯಿ ಬರಲ್ಲ, ನೊಣ ಇಲ್ಲ. ನೀನೂ ಕೂತ್ಕೋ, ಎಲೆ ಹಾಕ್ತೀನಿ."

ಪುಳಿಯೋಗರೆ ವಾಸನೆ ಎಂಥದ್ದಿತ್ತು ಅಂದರೆ ನನ್ನ ಸೀಟಿ ಬಾಯಿವರೆಗೆ ಬಂದು ವಾಪಸ್ ಹೋಯ್ತು. ನಾನೂ ಕೂತೆ. ಎರಡನೇ ಸಲ ಬಡಿಸಿಕೊಳ್ತಾ ಇದ್ದೆ, ಗಾಜಿನ ಆಚೆ ಯಜಮಾನರು ನಿಂತಿದ್ದರು. ಚಾಪೆ ನೋಡಿದರು, ಎಲೆ ನೋಡಿದರು, ನನ್ನ ಕೈಲಿದ್ದ ತುತ್ತು ನೋಡಿದರು.

"ನೋಡಿ ಮೇಡಂ, ನಾನು ಹೇಳಿದ್ದು ಸರಿ. ಈ ಜಾಗಕ್ಕೆ ರೆಸ್ಟೋರೆಂಟ್ ಯೋಗಾನೇ ಇರೋದು."

ಹೆಣ್ಣು ನೋಡೋಕೆ ಬಂದವರು

ಇಷ್ಟೆಲ್ಲಾ ಆಗ್ತಾ ಜನ ಬರೋಕೆ ಶುರು ಮಾಡಿದ್ದರು. ಮೇಲೂರಿನ ಆ ರೈತರು ಹುಳು ನಾಲ್ಕನೇ ಜ್ವರಕ್ಕೆ ಹೋದಾಗ, ಅಂದರೆ ಪೊರೆ ಬಿಡೋಕೆ ಮೇವು ಬಿಟ್ಟು ಮಲಗಿದಾಗ, ಸ್ವಲ್ಪ ಬಿಡುವು ಅಂತ ನೆಂಟರನ್ನ ಕರೆದುಕೊಂಡು ಬರೋರು. ಮುರುಗಮಲ್ಲದಿಂದ ಬಸ್ಸಲ್ಲಿ ಬರೋ ಅಂಗಡಿ ಹುಡುಗರಿದ್ದರು. ಬೆಳಿಗ್ಗೆ ಬ್ಯಾಚಲ್ಲಿ ನಾವು ಹೆಂಗಸರೇ ಎಂಟು ಜನ. ಆದರೆ ಯಜಮಾನರಿಗೆ ರೆಸ್ಟೋರೆಂಟಿನ ಹುಚ್ಚು ತಲೆಗೇರಿತ್ತು. ಯುಗಾದಿ ಹತ್ತಿರ ಬಂತು. ಅವರು ಮಾತು ತಪ್ಪೋರಲ್ಲ ಅಂತ ನನಗೆ ಗೊತ್ತಿತ್ತು, ಅದೇ ನನ್ನ ಸಂಕಟ.

ಅಷ್ಟರಲ್ಲಿ ಯಜಮಾನರ ಮಗಳನ್ನ ನೋಡೋಕೆ ಗೌರಿಬಿದನೂರಿನಿಂದ ಗಂಡಿನ ಕಡೆಯವರು ಬರ್ತಾರೆ ಅಂತ ಗೊತ್ತಾಯ್ತು. ಹುಡುಗಿ ಕಾಲೇಜಲ್ಲಿ ಪಾಠ ಮಾಡ್ತಾಳೆ, ನನ್ನ ಹಳೇ ವಿದ್ಯಾರ್ಥಿನಿ, ನಮ್ಮ ಬೆಳಗಿನ ಬ್ಯಾಚಿನ ಹುಲಿ. ದಿನ ಬಹಳ ಚೆನ್ನಾಗಿದೆ ಅಂತ ಪುರೋಹಿತರು ಹೇಳಿದ್ದೇ ತಡ, ಯಜಮಾನರು ಅದೇ ದಿನ ಕೋರ್ಟು ಕಿತ್ತು ರೆಸ್ಟೋರೆಂಟ್ ಕಟ್ಟೋಕೆ ಅಳತೆ ತಗೊಳ್ಳೋ ಮೇಸ್ತ್ರಿಯನ್ನೂ ಕರೆಸಿಬಿಟ್ಟರು. ಒಳ್ಳೆ ದಿನ ಒಂದೇ ಕೆಲಸಕ್ಕೆ ಮುಗಿಸೋ ಜಾಯಮಾನ ಅಲ್ಲ ಅವರದ್ದು.

ಗಂಡಿನ ಕಡೆಯವರು ಬಂದರು. ಹುಡುಗ ಬ್ಯಾಂಕಲ್ಲಿ ಕೆಲಸ, ಬಹಳ ಸಾಧು. ದನಿ ಎತ್ತಿ ಮಾತಾಡಿದರೆ ಕಾಫಿ ಲೋಟಕ್ಕೆ ನೋವಾಗುತ್ತೇನೋ ಅನ್ನೋ ಹಂಗೆ ಮಾತಾಡೋನು. ಅವನ ತಾಯಿ ಶಾಲೆ ಟೀಚರ್ರು. ನೆಟ್ಟಗೆ ಕೂತಿದ್ದ ರೀತಿ ನೋಡೇ ನನಗೆ ಗೊತ್ತಾಯ್ತು, ಈಕೆ ಯಾವುದೋ ಕಾಲದಲ್ಲಿ ಮೈದಾನ ಕಂಡವಳು. ಕೇಸರಿಬಾತು, ಉಪ್ಪಿಟ್ಟು ಆಯ್ತು. ಯಾರೋ ಹಿರಿಯರು, "ಹುಡುಗ ಹುಡುಗಿ ಒಂದೈದು ನಿಮಿಷ ಮಾತಾಡ್ಕೊಳ್ಳಲಿ" ಅಂದರು. ಎಲ್ಲಿ? ರೂಮಲ್ಲೆಲ್ಲಾ ನೆಂಟರು. ಮಹಡಿ ಮೇಲೂ ನೆಂಟರು.

ನಾನು ಎದ್ದು ನಿಂತೆ. "ನಮ್ಮ ಕೋರ್ಟಲ್ಲಿ ಬಿಡಿ. ಗಾಜು. ಎಲ್ಲರಿಗೂ ಕಾಣುತ್ತೆ, ಯಾರಿಗೂ ಕೇಳಲ್ಲ."

ಎರಡೂ ಕಡೆಯ ಹಿರಿಯರಿಗೆ ಇದಕ್ಕಿಂತ ಒಳ್ಳೆ ಏರ್ಪಾಡು ಬೇಕಾ? ಕುರ್ಚಿ ಹೊತ್ತುಕೊಂಡು ಹೋಗಿ ಗಾಜಿನ ಸುತ್ತ ಕೂತೇಬಿಟ್ಟರು. ಮೇಸ್ತ್ರಿ ಟೇಪು ಹಿಡಿದು ಅವರ ಹಿಂದೆ ನಿಂತ.

ಒಳಗೆ ಹುಡುಗಿ ನೆಟ್ಟಿನ ಈ ಕಡೆ, ಹುಡುಗ ಆ ಕಡೆ. ಇಬ್ಬರೂ ಹಾಸು ನೋಡ್ತಾ ನಿಂತರು. ಹೊರಗೆ, "ಇನ್ನೂ ಬಾಯಿ ಬಿಟ್ಟಿಲ್ಲ", "ಹುಡುಗ ಕೆಮ್ಮಿದ", "ಅದು ಮಾತಲ್ಲ, ಬರೀ ಕೆಮ್ಮು" ಅಂತ ವರದಿ. ಹುಡುಗನ ತಾಯಿ ನನ್ನ ಕೇಳಿದರು, "ಇಲ್ಲಿ ಏನು ಆಡ್ತಾರೆ ಮೇಡಂ?" ಹೇಳಿದೆ. ಅವರ ಕಣ್ಣು ಹೊಳೀತು. "ನಾನು ಸ್ಕೂಲಲ್ಲಿ ಟೆನಿಕಾಯ್ಟ್ ಆಡ್ತಿದ್ದೆ. ಹಿಂಗೆ ನಿಲ್ಲಿಸಿದ್ರೆ ನನ್ನ ಮಗ ನಾಳೆವರೆಗೂ ಮಾತಾಡಲ್ಲ. ಬ್ಯಾಟ್ ಕೊಡಿ, ಬನ್ನಿ ಹೋಗಣ."

ರೇಷ್ಮೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನಾವಿಬ್ಬರೂ ಒಂದು ಕಡೆ. ಹುಡುಗ ಹುಡುಗಿ ಇನ್ನೊಂದು ಕಡೆ. ಮೊದಲ ಚೆಂಡು ಬಂದಿದ್ದೇ, ತಾಯಿ ಟೆನಿಕಾಯ್ಟಲ್ಲಿ ರಬ್ಬರ್ ರಿಂಗು ಹಿಡಿಯೋ ಹಂಗೆ ಗಪ್ಪಂತ ಕೈಯಲ್ಲಿ ಹಿಡಿದು ವಾಪಸ್ ಎಸೆದರು. "ಹಿಡಿಯೋ ಹಂಗಿಲ್ಲಮ್ಮ, ಹೊಡೀಬೇಕು" ಅಂದೆ. ಆಮೇಲೆ ನೋಡಬೇಕಿತ್ತು! ಹೊಡೆದಿದ್ದೆಲ್ಲಾ ಅವರಿಬ್ಬರ ಮಧ್ಯಕ್ಕೆ.

ಚೆಂಡು ಮಧ್ಯಕ್ಕೆ ಹೋಗುತ್ತೆ. ಹುಡುಗ, "ನೀವು ಹೊಡೀರಿ" ಅಂತಾನೆ. ಹುಡುಗಿ ತಲೆ ತಗ್ಗಿಸಿ, "ಪರವಾಗಿಲ್ಲ, ನೀವೇ ಹೊಡೀರಿ" ಅಂತಾಳೆ. ಚೆಂಡು ಇಬ್ಬರ ಮಧ್ಯೆ ಬಿದ್ದು, ಹಿಂದಿನ ಗಾಜಿಗೆ ಬಡಿದು, ಉರುಳಿ ನಿಲ್ಲುತ್ತೆ. ಮತ್ತೆ, "ಈ ಸಲ ನೀವು." "ಅಯ್ಯೋ, ಇಲ್ಲ ಇಲ್ಲ, ನೀವು." ನಮಗೆ ಪಾಯಿಂಟಿನ ಮೇಲೆ ಪಾಯಿಂಟು. ಹೊರಗೆ ಕೂತ ಹಿರಿಯರು, "ಎಂಥಾ ಸಂಸ್ಕಾರ! ಎಂಥಾ ಮರ್ಯಾದೆ!" ಅಂತ ತಲೆದೂಗ್ತಿದಾರೆ. ನನಗೆ ಮಾತ್ರ ಹುಡುಗಿ ಕಿವಿ ಕೆಂಪಾಗ್ತಾ ಇರೋದು ಕಾಣ್ತಿದೆ. ಬೆಳಗಿನ ಬ್ಯಾಚಲ್ಲಿ ಒಂದು ಪಾಯಿಂಟು ಸೋತರೆ ತಿಂಡಿ ಬಿಡೋ ಹುಡುಗಿ ಅದು.

ಕೊನೇ ಪಾಯಿಂಟು. ಚೆಂಡು ಮೆತ್ತಗೆ ತೇಲಿಕೊಂಡು ಹುಡುಗನ ಮೂಗಿನ ಮುಂದೆಯೇ ಬಂತು. ಅವನು ಹುಡುಗಿ ಕಡೆ ತಿರುಗಿ ಕೈ ತೋರಿಸಿ, "ದಯವಿಟ್ಟು..." ಅಂದ.

"ಅಯ್ಯೋ, ಹೊಡಿಯೋ! ಏನು ನೆಂಟರಿಗೆ ಚಕ್ಲಿ ಕೊಡ್ತಿದೀಯಾ? ಹೊಡಿಯೋ ಅಂದ್ರೆ!"

ಯಾರಿಗೂ ಕೇಳಲ್ಲ ಅಂತ ನಾನು ಹೇಳಿದ್ದೆನಲ್ಲ, ಅದು ಶುದ್ಧ ಸುಳ್ಳು. ಗಾಜಿನ ಮೇಲೆ ಇರೋದು ಜಾಲರಿ. ಹುಡುಗಿಯ ಆ ಕೂಗು ಕೈವಾರದವರೆಗೂ ಹೋಗಿರಬೇಕು. ಹೊರಗೆ ತೂಗ್ತಿದ್ದ ತಲೆಗಳೆಲ್ಲಾ ಅಲ್ಲಲ್ಲೇ ನಿಂತವು. ಯಜಮಾನರು ಕಣ್ಣು ಮುಚ್ಚಿಕೊಂಡರು.

ಆದರೆ ಹುಡುಗ ಹೊಡೆದ! ಬೆಚ್ಚಿಬಿದ್ದು ಹೊಡೆದನೋ, ಭಯಕ್ಕೆ ಹೊಡೆದನೋ, ಚೆಂಡು ಅವರ ಅಮ್ಮನ ಪಕ್ಕದಲ್ಲೇ ಸುಯ್ಯಂತ ಹೋಗಿ ಮೂಲೆ ಸೇರಿತು. "ಹೊಡೆದೆ! ಅಮ್ಮಾ, ಹೊಡೆದೆ!" ಅಂತ ಕುಣಿದುಬಿಟ್ಟ. ಹುಡುಗಿಯೂ ಕುಣಿದಳು. ಆಮೇಲೆ ಗಾಜಿನ ಆಚೆಯ ಮುಖಗಳು ಕಂಡು ಇಬ್ಬರೂ ನಿಂತರು.

ತಾಯಿ ಸೆರಗು ಬಿಡಿಸಿಕೊಂಡು ನಿಧಾನವಾಗಿ ಹುಡುಗಿ ಹತ್ತಿರ ಹೋದರು. ಕೋರ್ಟೂ ಹೋಯ್ತು, ಸಂಬಂಧವೂ ಹೋಯ್ತು, ಎರಡೂ ನನ್ನ ತಲೆ ಮೇಲೇ ಬಂತು ಅಂದುಕೊಂಡೆ.

"ಇವನು ಹುಟ್ಟಿದಾಗಿನಿಂದ ಒಂದು ಕೆಲಸ ಹೇಳಿ ಮಾಡಿಸೋಕೆ ನನ್ನ ಕೈಲಾಗಿಲ್ಲಮ್ಮ," ಅಂದರು. "ನೀನು ಒಂದೇ ಮಾತಿಗೆ ಮಾಡಿಸಿದೆ. ನಿನಗೆ ಇವನು ಒಪ್ಪಿಗೇನಾ?"

ಹುಡುಗಿ ಹುಡುಗನ ಕಡೆ ನೋಡಿದಳು. "ಹೇಳಿಕೊಟ್ರೆ ಆಡ್ತಾರೆ" ಅಂದಳು. ಹುಡುಗ ತಲೆ ಎಷ್ಟು ಜೋರಾಗಿ ಆಡಿಸಿದ ಅಂದರೆ ಅವನನ್ನ ಬೇರೆ ಕೇಳೋದೇ ಬೇಕಾಗಲಿಲ್ಲ.

ತಾಯಿ ಹೊರಗೆ ಬಂದು ಯಜಮಾನರ ಮುಂದೆ ನಿಂತರು. "ವರದಕ್ಷಿಣೆ ಬೇಡ, ವರೋಪಚಾರ ಬೇಡ. ನಮ್ಮದು ಒಂದೇ ಒಂದು ಬೇಡಿಕೆ." ಯಜಮಾನರು ಕೈ ಮುಗಿದುಕೊಂಡು ನಿಂತರು. "ಇದನ್ನ ಕಿತ್ತು ಹೋಟ್ಲು ಮಾಡ್ತೀರಂತೆ, ಮೇಸ್ತ್ರಿ ಹೇಳಿದ. ಕೀಳಬಾರದು. ಮಗ ಆ ಕೊನೇ ಪಾಯಿಂಟು ನನ್ನ ಮೇಲೆ ಹೊಡೆದಿದ್ದಾನೆ. ಅದು ತೀರಿಸೋವರೆಗೂ ನಾನು ವಾರ ವಾರ ಬರ್ತೀನಿ."

ನನಗೆ ಕಣ್ಣಲ್ಲಿ ನೀರೇ ಬಂತು. ಸೀಟಿ ಊದಿದೆ, ಜೋರಾಗಿ ಊದಿದೆ. ಯಾರೂ ಬೈಯಲಿಲ್ಲ.

ಎಲ್ಲರೂ ಎಲೆ ಅಡಿಕೆಗೆ ಮನೆಯೊಳಗೆ ಹೊರಟರು. ಬೀಗಿತ್ತಿ ಮಾತ್ರ, "ಇನ್ನೊಂದೇ ಆಟ" ಅಂತ, ಹುಡುಗಿ ಜೊತೆಗಿರೋಕೆ ಬಂದಿದ್ದ ನಮ್ಮ ಬೆಳಗಿನ ಬ್ಯಾಚಿನ ಮೂರು ಜನರನ್ನ ಹಿಡಿದುಕೊಂಡು ಮತ್ತೆ ಗಾಜಿನ ಒಳಗೆ ಹೋದರು. ಅದಾದ ಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಸಂಜೆ ಆಡೋಕೆ ಬಂದವರು ಬ್ಯಾಟು ಹಿಡಿದು ಹೊರಗೆ ಸಾಲಾಗಿ ನಿಂತಿದ್ದರು, ಬೆಂಗಳೂರಿನ ಥರ. ಮೇಸ್ತ್ರಿ ಟೇಪು ಸುತ್ತಿ, "ಹಂಗಾದ್ರೆ ನಾನು ಹೊರಡ್ಲಾ ಯಜಮಾನ್ರೇ? ಅಳತೆ ಬೇಡ್ವಲ್ಲ" ಅಂದ.

ಯಜಮಾನರು ಆ ಸಾಲು ನೋಡಿದರು, ಗಾಜಿನ ಒಳಗೆ ಸೆರಗು ಸಿಕ್ಕಿಸಿಕೊಂಡು ನಾಲ್ಕನೇ ಆಟ ಶುರು ಮಾಡ್ತಿದ್ದ ಬೀಗಿತ್ತಿಯನ್ನ ನೋಡಿದರು.

"ಎಲ್ಲಿ ಹೋಗ್ತೀಯೋ? ಪಕ್ಕದ ಜಾಗದ್ದು ಅಳತೆ ತಗೋ. ಇನ್ನೊಂದು ಕೋರ್ಟು ಕಟ್ಟಬೇಕು. ಇದಂತೂ ಬೀಗಿತ್ತಿಗೆ ಹೋಯ್ತು, ಊರಿನವರು ಆಡೋದೆಲ್ಲಿ?"